ಹೆರಿಗೆ ನೋವಿಗೆ ಮೊದಲ ಮದ್ದು: ಉಸಿರು, ನಡಿಗೆ, ಜೊತೆಗೊಬ್ಬರು

ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಗಡಿಯ ಈಚೆಗೂ ಆಚೆಗೂ ಒಂದೇ. ಕನ್ನಡದಲ್ಲಿ ಹೆರಿಗೆ ಬೇನೆ ಎಂದರೆ ತೆಲುಗಿನಲ್ಲಿ ಪುರಿಟಿ ನೊಪ್ಪುಲು, ಮಲಯಾಳದಲ್ಲಿ ಪೇಟ್ಟುನೋವ್, ಮರಾಠಿಯಲ್ಲಿ ಪ್ರಸೂತೀಚ್ಯಾ ಕಳಾ. ಹೆಸರು ಯಾವುದಾದರೂ ನೋವು ಒಂದೇ, ಅದರ ಬಗೆಗಿನ ಭಯವೂ ಒಂದೇ.

ಒಂದು ತಲೆಮಾರಿನ ಹಿಂದಿನವರೆಗೆ ಗಡಿ ಹಳ್ಳಿಗಳಲ್ಲಿ ಹೆರಿಗೆ ಹೆಚ್ಚಾಗಿ ಮನೆಯಲ್ಲೇ ಆಗುತ್ತಿತ್ತು. ಇಂದು ಹೆಚ್ಚಿನವು ಆಸ್ಪತ್ರೆಯಲ್ಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆದವು ಶೇ. 38.7 ಮಾತ್ರ. 2019-21ರ ಸಮೀಕ್ಷೆಯಲ್ಲಿ ಅದು ಶೇ. 88.6ಕ್ಕೆ ಏರಿತು. ಇದರಿಂದ ಜೀವ ಉಳಿದಿದೆ. ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2004-06ರಲ್ಲಿ 254 ಇದ್ದದ್ದು 2018-20ರ ಹೊತ್ತಿಗೆ 97ಕ್ಕೆ ಇಳಿಯಿತು.

ಆದರೆ ಈ ಬದಲಾವಣೆಯಲ್ಲಿ ಒಂದು ವಸ್ತು ಕೈತಪ್ಪಿತು. ಮನೆಯ ಹೆರಿಗೆಯಲ್ಲಿ ಬಸುರಿಯ ಸುತ್ತ ತಾಯಿ, ಅತ್ತೆ, ಸೂಲಗಿತ್ತಿ ಇರುತ್ತಿದ್ದರು. ಸೊಂಟ ತಿಕ್ಕುವವರು, ಬೆವರು ಒರೆಸುವವರು, 'ಇನ್ನೇನು ಆಯಿತು ತಾಯಿ' ಎನ್ನುವವರು ಇರುತ್ತಿದ್ದರು. ಆಸ್ಪತ್ರೆಯಲ್ಲಿ ಎಷ್ಟೋ ಹೆಂಗಸರು ಹೆರಿಗೆ ಕೋಣೆಯ ಕಬ್ಬಿಣದ ಮಂಚದ ಮೇಲೆ ಒಬ್ಬರೇ, ಅಂಗಾತ ಮಲಗಿ, ಗುರುತಿಲ್ಲದ ಮುಖಗಳ ನಡುವೆ ನೋವು ತಿನ್ನುತ್ತಾರೆ. ನೋವು ತಡೆಯಲು ಹಿಂದಿನವರು ಮಾಡುತ್ತಿದ್ದ ಹಲವು ಕೆಲಸಗಳು ಸರಿ ಎಂದು ವೈದ್ಯವಿಜ್ಞಾನ ಈಗ ಒಪ್ಪಿದೆ. ಅವುಗಳನ್ನು ಆಸ್ಪತ್ರೆಯೊಳಗೇ ಮಾಡಬಹುದು, ಖರ್ಚೂ ಇಲ್ಲ. ಅವು ಯಾವುವು, ಎಷ್ಟು ಕೆಲಸ ಮಾಡುತ್ತವೆ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬಸುರಿ ಹೆಣ್ಣುಮಕ್ಕಳೂ ಅವರ ಮನೆಯವರೂ ಮೊದಲೇ ತಿಳಿದಿರಬೇಕು.

ನೋವು ಏಕೆ ಬರುತ್ತದೆ?

ಗರ್ಭಕೋಶ ಎಂಬುದು ಬಲವಾದ ಮಾಂಸಖಂಡದ ಚೀಲ. ಹೆರಿಗೆಯ ಹೊತ್ತಿಗೆ ಅದು ಬಿಗಿಯುತ್ತದೆ, ಸಡಿಲವಾಗುತ್ತದೆ, ಮತ್ತೆ ಬಿಗಿಯುತ್ತದೆ. ಪ್ರತಿ ಸಲ ಬಿಗಿದಾಗ ಕೆಳಗಿನ ಗರ್ಭಕೊರಳು ಸ್ವಲ್ಪ ಸ್ವಲ್ಪವೇ ತೆರೆಯುತ್ತದೆ. ಅದು 10 ಸೆಂಟಿಮೀಟರ್ ತೆರೆದಾಗ ಮಗು ಹೊರಬರಲು ದಾರಿಯಾಗುತ್ತದೆ. ಹೀಗೆ ಬಿಗಿಯುವಾಗ ಮಾಂಸಖಂಡಕ್ಕೆ ರಕ್ತ ಕಡಿಮೆಯಾಗುವುದು, ಗರ್ಭಕೊರಳು ಎಳೆಯಲ್ಪಡುವುದು, ಮಗುವಿನ ತಲೆ ಸೊಂಟದ ಮೂಳೆ-ನರಗಳನ್ನು ಒತ್ತುವುದು ಎಲ್ಲವೂ ಸೇರಿ ನೋವಾಗುತ್ತದೆ.

ಅಂದರೆ ಇದು ಗಾಯದ ನೋವಲ್ಲ, ಕೆಲಸದ ನೋವು. ಇದು ಬಿಡದೆ ಇರುವ ನೋವೂ ಅಲ್ಲ. ಅಲೆಯಂತೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಜೋರಾದ ಹೊತ್ತಿನಲ್ಲೂ ಒಂದು ಅಲೆ ಸಾಮಾನ್ಯವಾಗಿ ಒಂದು ನಿಮಿಷದಷ್ಟು ಇರುತ್ತದೆ, ನಂತರ ಬಿಡುವು ಸಿಗುತ್ತದೆ. 'ಇಡೀ ರಾತ್ರಿ ಹೇಗೆ ತಡೆಯಲಿ' ಎಂದು ಯೋಚಿಸಿದರೆ ಎದೆ ಒಡೆಯುತ್ತದೆ. 'ಈ ಒಂದು ನಿಮಿಷ ದಾಟಿದರೆ ಸಾಕು' ಎಂದರೆ ಮನಸ್ಸಿಗೆ ಹಿಡಿತ ಸಿಗುತ್ತದೆ. ಬಿಡುವಿನ ಹೊತ್ತಿನಲ್ಲಿ ಕಣ್ಣು ಮುಚ್ಚಿ ದಣಿವಾರಿಸಿಕೊಳ್ಳುವುದು ಅಲೆಯನ್ನು ಎದುರಿಸುವಷ್ಟೇ ಮುಖ್ಯ.

ನಿಜವಾದ ನೋವೋ, ಸುಳ್ಳು ನೋವೋ?

ದಿನ ತುಂಬಿದ ಬಸುರಿಗೆ ಆಗಾಗ ಹೊಟ್ಟೆ ಗಟ್ಟಿಯಾಗಿ ನೋಯುವುದುಂಟು. ತೆಲುಗಿನಲ್ಲಿ ಇದನ್ನು ದೊಂಗ ನೊಪ್ಪುಲು, ಅಂದರೆ ಕಳ್ಳ ನೋವು ಎನ್ನುತ್ತಾರೆ. ಇದು ಹೊತ್ತುಗೊತ್ತಿಲ್ಲದೆ ಬರುತ್ತದೆ. ಎದ್ದು ನಡೆದರೆ, ನೀರು ಕುಡಿದರೆ, ಮಗ್ಗುಲು ಬದಲಿಸಿದರೆ ಕಡಿಮೆಯಾಗುತ್ತದೆ. ನಿಜವಾದ ನೋವು ಹಾಗಲ್ಲ. ಅದು ಹೆಚ್ಚಾಗಿ ಸೊಂಟದಿಂದ ಹೊರಟು ಹೊಟ್ಟೆಯ ಮುಂಭಾಗಕ್ಕೆ ಬರುತ್ತದೆ. ಒಂದು ಲೆಕ್ಕಕ್ಕೆ ಬೀಳುತ್ತದೆ, ಹೊತ್ತು ಹೋದಂತೆ ಹತ್ತಿರ ಹತ್ತಿರವಾಗುತ್ತದೆ, ಜೋರಾಗುತ್ತದೆ. ನಡೆದರೂ ನಿಲ್ಲುವುದಿಲ್ಲ. ಲೋಳೆಯಂಥ ಸ್ರಾವದಲ್ಲಿ ಸ್ವಲ್ಪ ರಕ್ತದ ಎಳೆ ಕಾಣುವುದೂ ಹೆರಿಗೆ ಹತ್ತಿರವಾದ ಗುರುತು.

ಚೊಚ್ಚಲ ಹೆರಿಗೆಯಲ್ಲಿ ಮೊದಲ ಹಂತ ನಿಧಾನ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯ ಪ್ರಕಾರ ಗರ್ಭಕೊರಳು 5 ಸೆಂಟಿಮೀಟರ್ ತೆರೆದ ಮೇಲೆ ಹೆರಿಗೆಯ ಚುರುಕಿನ ಹಂತ ಶುರು. ಅಲ್ಲಿಂದ ಪೂರ್ತಿ ತೆರೆಯುವವರೆಗೆ ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ, ನಂತರದ ಹೆರಿಗೆಗಳಲ್ಲಿ 10 ಗಂಟೆ ಮೀರುವುದಿಲ್ಲ. ಅದಕ್ಕೆ ಮುಂಚಿನ ಸಣ್ಣ ನೋವಿನ ಹಂತ ಎಷ್ಟು ಹೊತ್ತು ಎಂದು ಹೇಳಲಾಗದು. ಆ ಹೊತ್ತಿನಲ್ಲೇ ಗಾಬರಿಯಾಗಿ ನಿದ್ದೆ, ಊಟ ಬಿಟ್ಟರೆ ನಿಜವಾದ ನೋವಿನ ಹೊತ್ತಿಗೆ ಮೈಯಲ್ಲಿ ಕಸುವು ಉಳಿಯುವುದಿಲ್ಲ.

ಭಯ ಹೆಚ್ಚಿದಷ್ಟೂ ನೋವು ಹೆಚ್ಚು

ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ ಕಳೆದ ಶತಮಾನದ ಮೊದಲ ಅರ್ಧದಲ್ಲೇ ಒಂದು ಮಾತು ಹೇಳಿದ್ದರು. ಭಯದಿಂದ ಮೈ ಬಿಗಿಯುತ್ತದೆ, ಬಿಗಿದ ಮೈಗೆ ನೋವು ಹೆಚ್ಚುತ್ತದೆ, ಹೆಚ್ಚಿದ ನೋವಿನಿಂದ ಭಯ ಮತ್ತೆ ಬೆಳೆಯುತ್ತದೆ. ಈ ಚಕ್ರವನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು ಎಂಬುದು ಅವರ ವಾದ. ಫ್ರಾನ್ಸಿನ ವೈದ್ಯ ಫರ್ನಾಂಡ್ ಲಮಾಝ್ 1951ರಲ್ಲಿ ಸೋವಿಯತ್ ರಷ್ಯಕ್ಕೆ ಹೋಗಿ ಅಲ್ಲಿ ಬಸುರಿಯರಿಗೆ ಹೆರಿಗೆಯ ಮೊದಲೇ ತರಬೇತಿ ಕೊಡುವುದನ್ನು ನೋಡಿ ಬಂದರು. ಉಸಿರಾಟ ಮತ್ತು ಮೈ ಸಡಿಲಿಸುವ ಅಭ್ಯಾಸವನ್ನು ತಮ್ಮ ದೇಶದಲ್ಲಿ ಕಲಿಸಿದರು. ಇಂದು ಬೆಂಗಳೂರು, ಹೈದರಾಬಾದಿನಂಥ ನಗರಗಳಲ್ಲಿ ದುಡ್ಡು ಕೊಟ್ಟು ಕಲಿಯುವ 'ಲಮಾಝ್ ತರಗತಿ'ಗಳ ಮೂಲ ಇದು.

ಭಯಗೊಂಡ ದೇಹದಲ್ಲಿ ಅಡ್ರಿನಲಿನ್ ಎಂಬ ರಸದೂತ ಹೆಚ್ಚಾಗುತ್ತದೆ. ಅದು ಗರ್ಭಕೋಶದ ಕೆಲಸವನ್ನು ನಿಧಾನ ಮಾಡಬಲ್ಲದು. ಮನಸ್ಸು ನೆಮ್ಮದಿಯಾಗಿದ್ದರೆ ಆಕ್ಸಿಟೋಸಿನ್ ಸರಾಗವಾಗಿ ಹರಿದು ಹೆರಿಗೆ ಮುಂದುವರಿಯುತ್ತದೆ, ನೋವು ತಗ್ಗಿಸುವ ಎಂಡಾರ್ಫಿನ್ ಕೂಡ ದೇಹದಲ್ಲೇ ಹುಟ್ಟುತ್ತದೆ. ಹೆರಿಗೆ ಕೋಣೆಯಲ್ಲಿ ಬೈಗುಳ, ಕೂಗಾಟ, ನಾಚಿಕೆಪಡಿಸುವ ಮಾತು ಇರಬಾರದು ಎಂಬುದು ಬರೀ ಮರ್ಯಾದೆಯ ಪ್ರಶ್ನೆಯಲ್ಲ, ಚಿಕಿತ್ಸೆಯ ಪ್ರಶ್ನೆಯೂ ಹೌದು. ಬಸುರಿಯ ಮುಂದೆ ಕೂತು ಅವರಿವರ ಕಷ್ಟದ ಹೆರಿಗೆಯ ಕಥೆ ಹೇಳುವ ನೆಂಟರಿಷ್ಟರೂ ಇದನ್ನು ನೆನಪಿಡಬೇಕು.

ಉಸಿರಿನ ಲೆಕ್ಕ

ನೋವಿನ ಅಲೆ ಬಂದಾಗ ಹಲ್ಲು ಕಚ್ಚಿ ಉಸಿರು ಹಿಡಿಯುವುದು ಎಲ್ಲರ ಸಹಜ ಅಭ್ಯಾಸ. ಇದರಿಂದ ಮೈ ಇನ್ನಷ್ಟು ಬಿಗಿಯುತ್ತದೆ. ಬದಲಿಗೆ ಹೀಗೆ ಮಾಡಿ. ಅಲೆ ಶುರುವಾಗುತ್ತಲೇ ಮೂಗಿನಿಂದ ನಿಧಾನವಾಗಿ ಉಸಿರು ಎಳೆದುಕೊಳ್ಳಿ. ತುಟಿ ಸ್ವಲ್ಪ ತೆರೆದು, ಬಿಸಿ ಗಂಜಿಯನ್ನು ಊದಿ ಆರಿಸುವಂತೆ, ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಉಸಿರು ಬಿಡಿ. ಉಸಿರು ಬಿಡುವಾಗ ಭುಜ, ಕೈಮುಷ್ಟಿ, ದವಡೆ ಸಡಿಲ ಬಿಡಿ. ಒಂದು ಅಲೆಗೆ ಇಂಥ ಆರೇಳು ಉಸಿರು ಸಾಕಾಗಬಹುದು. ಎಣಿಸಿಕೊಂಡರೆ ಮನಸ್ಸಿಗೂ ಒಂದು ಕೆಲಸ ಸಿಗುತ್ತದೆ.

ನರಳುವುದು ತಪ್ಪಲ್ಲ. ತಗ್ಗಿದ ದನಿಯಲ್ಲಿ 'ಹ್ಞೂಂ' ಎಂದು ನರಳಿದರೆ ಉಸಿರು ಉದ್ದವಾಗುತ್ತದೆ. ಕಿರಿಚಾಟದಿಂದ ಮಾತ್ರ ಗಂಟಲು, ಮೈ ಎರಡೂ ದಣಿಯುತ್ತವೆ. ಕೆಲವರಿಗೆ ದೇವರ ನಾಮ, ಕೆಲವರಿಗೆ ಹಾಡು ಆಸರೆಯಾಗುತ್ತದೆ. ಬೇಗ ಬೇಗ ಉಸಿರಾಡಬಾರದು. ಅದರಿಂದ ತಲೆ ಸುತ್ತಿ ಬೆರಳುಗಳು ಜೋಮು ಹಿಡಿಯುತ್ತವೆ.

ಕೊನೆಯ ಹಂತದಲ್ಲಿ ಬಲ ಹಾಕಬೇಕೆಂಬ ಒತ್ತಡ ತಾನಾಗಿ ಬರುತ್ತದೆ. ಗರ್ಭಕೊರಳು ಪೂರ್ತಿ ತೆರೆಯುವ ಮೊದಲೇ ಹಾಗನ್ನಿಸಿದರೆ ವೈದ್ಯರು ಅಥವಾ ನರ್ಸ್ 'ಈಗ ಬೇಡ' ಎನ್ನುತ್ತಾರೆ. ಆಗ ದೀಪ ಆರಿಸುವಂತೆ ಚಿಕ್ಕ ಚಿಕ್ಕದಾಗಿ ಊದುತ್ತಾ ಇದ್ದರೆ ಆ ಒತ್ತಡ ತಡೆದುಕೊಳ್ಳಲು ಸಹಾಯವಾಗುತ್ತದೆ. ಈ ಉಸಿರನ್ನೆಲ್ಲ ನೋವು ಬಂದಾಗ ಕಲಿಯಲಾಗದು. ಏಳನೇ ತಿಂಗಳಿನಿಂದ ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಬೇಕು.

ಅಂಗಾತ ಮಲಗಬೇಡಿ, ನಡೆಯಿರಿ

ನೋವು ಶುರುವಾಯಿತೆಂದರೆ ಮಂಚ ಹತ್ತಿ ಅಂಗಾತ ಮಲಗಬೇಕು ಎಂಬುದು ತಪ್ಪು ತಿಳಿವಳಿಕೆ. ತುಂಬು ಬಸುರಿ ಅಂಗಾತ ಮಲಗಿದರೆ ಗರ್ಭಕೋಶದ ಭಾರ ಬೆನ್ನಿನ ಪಕ್ಕದ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಸೊಂಟದ ನೋವೂ ಹೆಚ್ಚುತ್ತದೆ. ನಿಂತಾಗ, ನಡೆದಾಗ ಮಗುವಿನ ಭಾರ ತಾನಾಗಿ ಕೆಳಗೆ ಬಂದು ಗರ್ಭಕೊರಳು ತೆರೆಯಲು ನೆರವಾಗುತ್ತದೆ.

ಕಾಕ್ರೇನ್ ಸಂಸ್ಥೆ 2013ರಲ್ಲಿ ಐದು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 25 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಮೊದಲ ಹಂತದಲ್ಲಿ ನಿಂತು, ನಡೆದು, ಕೂತು ಇದ್ದವರಿಗೆ ಮಲಗಿದ್ದವರಿಗಿಂತ ಆ ಹಂತ ಸರಾಸರಿ ಒಂದು ಗಂಟೆ 20 ನಿಮಿಷದಷ್ಟು ಬೇಗ ಮುಗಿದಿತ್ತು. ತೊಂದರೆಯಿಲ್ಲದ ಬಸುರಿಯರಿಗೆ ಓಡಾಡಲು, ನೆಟ್ಟಗಿರಲು ಪ್ರೋತ್ಸಾಹ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಮಾಡಬಹುದಾದ ಭಂಗಿಗಳು ಇವು:

- ವರಾಂಡದಲ್ಲಿ ನಿಧಾನ ನಡಿಗೆ. ಅಲೆ ಬಂದಾಗ ಗೋಡೆಗೋ ಜೊತೆಯವರ ಹೆಗಲಿಗೋ ಒರಗಿ, ಸೊಂಟವನ್ನು ಮೆಲ್ಲಗೆ ಆಚೀಚೆ ತೂಗುವುದು.
- ಕುರ್ಚಿಯಲ್ಲಿ ಹಿಂದುಮುಂದಾಗಿ ಕೂತು ಬೆನ್ನಾನುವ ಪಟ್ಟಿಯ ಮೇಲೆ ದಿಂಬಿಟ್ಟು ತಲೆಯಿಡುವುದು.
- ನೆಲ ಒರೆಸುವಾಗಿನಂತೆ ಅಂಗೈ, ಮೊಣಕಾಲು ಊರಿ ಇರುವುದು. ಸೊಂಟ ಹೆಚ್ಚು ನೋಯುವವರಿಗೆ ಇದು ಹಿತ.
- ಆಸರೆ ಹಿಡಿದು ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲಿ ಕೂರುವುದು.
- ದಣಿವಾದಾಗ ಎಡಮಗ್ಗುಲಲ್ಲಿ, ಮೊಣಕಾಲುಗಳ ನಡುವೆ ದಿಂಬಿಟ್ಟು ಮಲಗುವುದು.

ಒಂದೇ ಭಂಗಿಯಲ್ಲಿ ತುಂಬ ಹೊತ್ತು ಇರದೆ ಅರ್ಧ ಗಂಟೆಗೊಮ್ಮೆ ಬದಲಿಸಿದರೆ ಒಳ್ಳೆಯದು. ಆದರೆ ರಕ್ತಸ್ರಾವ, ಹೆಚ್ಚಿದ ಬಿ.ಪಿ., ಮಗುವಿನ ಎದೆಬಡಿತದಲ್ಲಿ ವ್ಯತ್ಯಾಸ ಇದ್ದರೆ, ಅಥವಾ ಮಗುವಿನ ತಲೆ ಕೆಳಗೆ ಕೂರುವ ಮೊದಲೇ ನೀರು ಹೋಗಿದ್ದರೆ ನಡೆಯಬಾರದು. ತಲೆ ಕೂರದೆ ನೀರು ಹೋದಾಗ ಹೊಕ್ಕುಳಬಳ್ಳಿ ಮೊದಲು ಜಾರಿ ಬರುವ ಅಪಾಯವಿದೆ. ನಡೆಯಬಹುದೇ ಎಂದು ನರ್ಸ್‌ಗೆ ಒಂದು ಮಾತು ಕೇಳಿಯೇ ನಡೆಯಬೇಕು.

ಸೊಂಟಕ್ಕೆ ಕೈ, ಬೆನ್ನಿಗೆ ಶಾಖ

ಮೊಣಕೈ ಗೋಡೆಗೆ ತಾಗಿದಾಗ ಕೈ ತಾನಾಗಿ ಅಲ್ಲಿಗೆ ಹೋಗಿ ಉಜ್ಜುತ್ತದೆ, ನೋವು ಕಡಿಮೆ ಅನ್ನಿಸುತ್ತದೆ. ಇದಕ್ಕೆ ವಿಜ್ಞಾನಿಗಳಾದ ಮೆಲ್ಝಾಕ್ ಮತ್ತು ವಾಲ್ 1965ರಲ್ಲಿ ಒಂದು ವಿವರಣೆ ಕೊಟ್ಟರು. ನೋವಿನ ಸುದ್ದಿ ಮೆದುಳಿಗೆ ಹೋಗುವ ದಾರಿಯಲ್ಲಿ ಬೆನ್ನುಹುರಿಯಲ್ಲಿ ಒಂದು ಬಾಗಿಲು ಇದ್ದಂತೆ. ಸ್ಪರ್ಶದ, ಒತ್ತಡದ ಸುದ್ದಿ ಜೊತೆಗೆ ಬಂದರೆ ಆ ಬಾಗಿಲು ಭಾಗಶಃ ಮುಚ್ಚುತ್ತದೆ. ಹೆರಿಗೆಯಲ್ಲಿ ಸೊಂಟ ತಿಕ್ಕುವುದರ ಗುಟ್ಟು ಇದೇ.

ಅಲೆ ಬಂದಾಗ ಜೊತೆಯವರು ಅಂಗೈಯ ಬುಡವನ್ನು ಸೊಂಟದ ಕೆಳಗಿನ ಚಪ್ಪಟೆ ಮೂಳೆಯ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಅಲೆ ಇಳಿದ ಮೇಲೆ ಸಡಿಲಿಸಬೇಕು. ಎರಡೂ ಕಡೆಯ ಸೊಂಟದ ಮೂಳೆಗಳನ್ನು ಎರಡು ಅಂಗೈಗಳಿಂದ ಒಳಮುಖವಾಗಿ ಒತ್ತುವುದೂ ಹಲವರಿಗೆ ಹಿತ. ಬಿಡುವಿನ ಹೊತ್ತಿನಲ್ಲಿ ಸ್ವಲ್ಪ ಎಣ್ಣೆ ಹಚ್ಚಿ ಭುಜ, ಬೆನ್ನು, ಕಾಲು ಮೆಲ್ಲಗೆ ತಿಕ್ಕಬಹುದು. ಎಷ್ಟು ಒತ್ತಬೇಕು, ಎಲ್ಲಿ ಒತ್ತಬೇಕು ಎಂಬುದನ್ನು ನೋವು ತಿನ್ನುವವಳೇ ಹೇಳಬೇಕು. ಕೆಲವರಿಗೆ ಯಾರೂ ಮುಟ್ಟುವುದೇ ಬೇಡ ಅನ್ನಿಸುತ್ತದೆ, ಅದನ್ನೂ ಒಪ್ಪಬೇಕು.

ಬಿಸಿನೀರಲ್ಲಿ ಅದ್ದಿ ಹಿಂಡಿದ ದಪ್ಪ ಬಟ್ಟೆ ಅಥವಾ ಬಿಸಿನೀರಿನ ಚೀಲವನ್ನು ಸೊಂಟಕ್ಕೆ ಇಡುವುದೂ ಉಪಯೋಗ. ಶಾಖದ ಬಿಸಿಯನ್ನು ಕೊಡುವವರು ಮೊದಲು ತಮ್ಮ ಮಣಿಕಟ್ಟಿನ ಮೇಲೆ ನೋಡಿಕೊಳ್ಳಬೇಕು. ನೋವಿನ ನಡುವೆ ಚರ್ಮ ಸುಟ್ಟದ್ದು ಬಸುರಿಗೆ ಗೊತ್ತಾಗದೆ ಹೋಗಬಹುದು. ಮೈ ಸಡಿಲಿಸುವ ಅಭ್ಯಾಸ, ಮಾಲೀಸು, ಶಾಖ ಈ ಮೂರನ್ನೂ ಕೇಳಿದವರಿಗೆ ಕೊಡಬೇಕು ಎಂದು 2018ರ ಮಾರ್ಗಸೂಚಿ ಹೇಳುತ್ತದೆ. ಸ್ನಾನಕ್ಕೆ ಅನುಕೂಲವಿದ್ದರೆ ಉಗುರುಬೆಚ್ಚಗಿನ ನೀರನ್ನು ಬೆನ್ನಿನ ಮೇಲೆ ನಿಧಾನ ಹೊಯ್ದರೂ ಮೈ ಹಗುರವಾಗುತ್ತದೆ.

ಗಂಜಿ, ಮಜ್ಜಿಗೆ, ಎಳನೀರು

ಹೆರಿಗೆ ಎಂಬುದು ದೊಡ್ಡ ದುಡಿಮೆ. ಹಸಿದ ಹೊಟ್ಟೆಯಲ್ಲಿ ಯಾರೂ ಹೊಲದ ಕೆಲಸ ಮಾಡಲಾರರು. ತೊಂದರೆಯಿಲ್ಲದ ಬಸುರಿಯರು ನೋವಿನ ಹೊತ್ತಿನಲ್ಲಿ ನೀರು, ಆಹಾರ ತೆಗೆದುಕೊಳ್ಳಬಹುದು ಎಂಬುದು ಈಗಿನ ಮಾರ್ಗಸೂಚಿ. ಗಂಜಿ, ತಿಳಿ ಮಜ್ಜಿಗೆ, ಎಳನೀರು, ಚಹಾ, ಮೆತ್ತಗಿನ ಇಡ್ಲಿಯಂಥ ಹಗುರ ಆಹಾರ ಗುಟುಕು ಗುಟುಕಾಗಿ ಸಾಕು. ಸಿಸೇರಿಯನ್ ಆಗುವ ಸಂಭವ ಇದೆ ಎಂದು ವೈದ್ಯರು ಹೇಳಿದ್ದರೆ ಅವರು ಹೇಳಿದಂತೆ ಉಪವಾಸ ಇರಬೇಕು. ಎರಡು ಗಂಟೆಗೊಮ್ಮೆ ಮೂತ್ರ ಮಾಡಿ ಬರಬೇಕು. ತುಂಬಿದ ಮೂತ್ರಕೋಶ ಮಗುವಿನ ತಲೆ ಇಳಿಯಲು ಅಡ್ಡಿ ಮಾಡುತ್ತದೆ, ನೋವೂ ಹೆಚ್ಚುತ್ತದೆ.

ಎಲ್ಲಕ್ಕಿಂತ ದೊಡ್ಡ ಮದ್ದು ಜೊತೆಗೊಬ್ಬರು

ಮೇಲಿನ ಎಲ್ಲ ಕೆಲಸಕ್ಕೂ ಇನ್ನೊಂದು ಜೊತೆ ಕೈ ಬೇಕು. ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕ ನೋಡಿತು. ಹೆರಿಗೆಯ ಉದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಔಷಧದ ಬಳಕೆ ಕಡಿಮೆ, ಹೆರಿಗೆಯ ಅವಧಿಯೂ ಕಡಿಮೆ ಇತ್ತು.

ಇದನ್ನು ಸೂಲಗಿತ್ತಿಯರು ತಲೆತಲಾಂತರದಿಂದ ಬಲ್ಲವರು. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ, ಮಡಕಶಿರಾಕ್ಕೆ ಹೊಂದಿಕೊಂಡ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಸುಮಾರು 70 ವರ್ಷಗಳಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ತೆಲುಗರ ಮಂತ್ರಸಾನಿ, ಮಲಯಾಳಿಗಳ ವಯಟ್ಟಾಟ್ಟಿ, ತಮಿಳರ ಮರುತ್ತುವಚ್ಚಿ, ಮರಾಠಿಗರ ಸುಈಣ ಎಲ್ಲರೂ ಇದೇ ಸಾಲಿನವರು. ರಕ್ತಸ್ರಾವವೋ ಅಡ್ಡ ಮಗುವೋ ಆದಾಗ ಮನೆಯಲ್ಲಿ ಜೀವ ಉಳಿಸುವ ಸಾಧನ ಇರುವುದಿಲ್ಲ, ಆದ್ದರಿಂದ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಆದರೆ ಅವರು ಕೊಡುತ್ತಿದ್ದ ಧೈರ್ಯ ಮತ್ತು ಆರೈಕೆ ಆಸ್ಪತ್ರೆಯೊಳಗೂ ಬರಬೇಕು.

ಸರ್ಕಾರಗಳೂ ಇದನ್ನು ಒಪ್ಪಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿನಲ್ಲಿ ಬಸುರಿಯ ಜೊತೆ ಒಬ್ಬರಿಗೆ ಅವಕಾಶ ಕೊಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ರಾಜ್ಯಗಳಿಗೆ ತಿಳಿಸಿತು. 2017ರ ಡಿಸೆಂಬರ್‌ನಲ್ಲಿ ಶುರುವಾದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಯ ಗುಣಮಟ್ಟ ಅಳೆಯುವಾಗ ಜೊತೆಗಾರರಿಗೆ ಅವಕಾಶ, ಮರೆ, ಮರ್ಯಾದೆಯ ಮಾತು ಇವೂ ಲೆಕ್ಕಕ್ಕೆ ಬರುತ್ತವೆ. ತೆಲಂಗಾಣ ಸರ್ಕಾರ 2017ರಲ್ಲಿ ಯುನಿಸೆಫ್ ಮತ್ತು ಹೈದರಾಬಾದಿನ ಫರ್ನಾಂಡಿಸ್ ಫೌಂಡೇಶನ್ ಜೊತೆ ಸೇರಿ ನರ್ಸ್‌ಗಳಿಗೆ ಮಿಡ್‌ವೈಫ್ ತರಬೇತಿ ಆರಂಭಿಸಿತು. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಮಿಡ್‌ವೈಫರಿ ಮಾರ್ಗಸೂಚಿ ಹೊರಡಿಸಿತು.

ಜೊತೆಗೆ ಹೋಗುವವರಿಗೆ ನಿಯಮಗಳಿವೆ. ಹೆಂಗಸಾಗಿರಬೇಕು, ಹೆರಿಗೆಯ ಅನುಭವ ಇದ್ದರೆ ಒಳ್ಳೆಯದು. ಮರೆಯ ವ್ಯವಸ್ಥೆ ಇರುವ ಕಡೆ ಗಂಡನಿಗೂ ಅವಕಾಶ ಕೊಡಬಹುದು. ಅಂಟುರೋಗ ಇರಬಾರದು, ಶುಭ್ರ ಬಟ್ಟೆ ತೊಟ್ಟಿರಬೇಕು. ಉದ್ದಕ್ಕೂ ಅವಳ ಜೊತೆಗಿರಬೇಕು. ವೈದ್ಯರ ಕೆಲಸದಲ್ಲಿ ಕೈಹಾಕಬಾರದು, ಕೋಣೆಯಲ್ಲಿರುವ ಬೇರೆ ಹೆಂಗಸರ ಉಸಾಬರಿಗೆ ಹೋಗಬಾರದು. ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಹೆರಿಗೆಯ ದಿನ ಬಾಗಿಲಲ್ಲಿ ವಾದ ಮಾಡುವುದಕ್ಕಿಂತ ಎಂಟನೇ ತಿಂಗಳ ತಪಾಸಣೆಗೆ ಹೋದಾಗಲೇ ಕೇಳಿ ತಿಳಿದುಕೊಳ್ಳುವುದು ಜಾಣತನ.

ಭಾಷೆಯೂ ಒಂದು ಆಸರೆ

ಗಡಿನಾಡಿನವರಿಗೆ ಜೊತೆಗಾರರು ಇನ್ನೂ ಒಂದು ಕಾರಣಕ್ಕೆ ಬೇಕು. ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಮಗಳು ಎಷ್ಟೋ ಸಲ ರಾಜ್ಯದ ಗಡಿ ದಾಟಿ ಬರುತ್ತಾಳೆ. ಕಾಸರಗೋಡಿನವರಿಗೆ ಮಂಗಳೂರು, ತಾಳವಾಡಿಯವರಿಗೆ ಚಾಮರಾಜನಗರ, ಅಕ್ಕಲಕೋಟೆಯವರಿಗೆ ಸೊಲ್ಲಾಪುರ ಹತ್ತಿರದ ದೊಡ್ಡ ಊರು. ಎರಡು ಭಾಷೆ ಬಲ್ಲವರೂ ನೋವು ಜೋರಾದಾಗ ಮಾತಾಡುವುದು ತಾಯಿನುಡಿಯಲ್ಲೇ. ತಮಿಳಿನಲ್ಲಿ ಇಡುಪ್ಪು ವಲಿ ಎಂದರೆ ಮಾತಿಗೆ ಸರಿಯಾಗಿ ಸೊಂಟನೋವು, ಆದರೆ ಹೆರಿಗೆ ನೋವಿಗೂ ಜನ ಹಾಗೇ ಅನ್ನುತ್ತಾರೆ. ಕನ್ನಡದ ನರ್ಸ್ ಅದನ್ನು ಬರೀ ಸೊಂಟನೋವು ಎಂದುಕೊಂಡರೆ ಹೊತ್ತು ಹೋಗುತ್ತದೆ. ನೋವು ಯಾವಾಗ ಶುರುವಾಯಿತು, ನೀರು ಹೋಯಿತೇ, ಮಗು ಆಡುತ್ತಿದೆಯೇ ಎಂಬ ಮೂರು ಪ್ರಶ್ನೆಗೆ ಆಸ್ಪತ್ರೆಯ ಭಾಷೆಯಲ್ಲಿ ಉತ್ತರ ಕೊಡಬಲ್ಲ ಒಬ್ಬರು ಜೊತೆಗಿರಲೇಬೇಕು. ನರ್ಸ್ 'ಬಲ ಹಾಕು', 'ತಡಿ' ಎಂದದ್ದನ್ನು ಕನ್ನಡದಲ್ಲಿ ಕಿವಿಯ ಬಳಿ ಹೇಳುವವರೂ ಅವರೇ.

ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ ಯಾವ ರಾಜ್ಯದ್ದಾದರೂ ಸರಿ, ಒಂದೇ ಚೀಲದಲ್ಲಿ ಇರಲಿ. ಗಡಿ ಯಾವಾಗಲೂ ತೆರೆದೇ ಇರುತ್ತದೆ ಎಂದು ನಂಬುವಂತಿಲ್ಲ. 2020ರ ಮಾರ್ಚ್-ಏಪ್ರಿಲ್‌ನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನವರು ಪಟ್ಟ ಪಾಡನ್ನು ಜನ ಮರೆತಿಲ್ಲ. ಗಡಿಯಾಚೆಯ ಆಸ್ಪತ್ರೆಯ ಜೊತೆಗೆ ಈಚೆಯ ಒಂದು ಆಸ್ಪತ್ರೆಯನ್ನೂ ನೋಡಿಟ್ಟುಕೊಂಡಿರಬೇಕು. 2011ರ ಜೂನ್‌ನಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ, ಸಿಸೇರಿಯನ್, ಔಷಧ, ತಪಾಸಣೆ, ರಕ್ತ, ಊಟ, ವಾಹನ ಎಲ್ಲ ಉಚಿತ.

ಇವನ್ನು ಮಾಡಬೇಡಿ

ಹಳೆಯದೆಲ್ಲ ಒಳ್ಳೆಯದಲ್ಲ. ಬೇಗ ಹೆರಿಗೆಯಾಗಲಿ ಎಂದು ಹೊಟ್ಟೆಯನ್ನು ಮೇಲಿನಿಂದ ಒತ್ತುವುದು ಅಪಾಯ. ಇದನ್ನು ಮನೆಯಲ್ಲಿ ಮಾತ್ರವಲ್ಲ, ಆಸ್ಪತ್ರೆಯಲ್ಲೂ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನೋವು ಬರಿಸಲು ಹರಳೆಣ್ಣೆ ಕುಡಿಸಿದರೆ ವಾಂತಿ, ಭೇದಿಯಾಗಿ ಬಸುರಿ ನಿತ್ರಾಣಳಾಗುತ್ತಾಳೆ. ಏನಿದೆಯೆಂದು ತಿಳಿಯದ ಬೇರು, ಕಷಾಯ ಕೊಡಬಾರದು. ಊರಲ್ಲಿ ಯಾರಿಂದಲೋ ನೋವು ಹೆಚ್ಚಿಸುವ ಇಂಜೆಕ್ಷನ್ ಹಾಕಿಸುವುದು ಎಲ್ಲಕ್ಕಿಂತ ಅಪಾಯ. ಲೆಕ್ಕ ತಪ್ಪಿದ ಆಕ್ಸಿಟೋಸಿನ್ ಇಂಜೆಕ್ಷನ್‌ನಿಂದ ಗರ್ಭಕೋಶವೇ ಒಡೆದು ತಾಯಿ-ಮಗು ಇಬ್ಬರ ಜೀವಕ್ಕೂ ಕುತ್ತು ಬರಬಹುದು.

ಕಾಯಬಾರದ ಹೊತ್ತು

ಈ ಕೆಳಗಿನ ಯಾವುದೇ ಗುರುತು ಕಂಡರೆ ಉಸಿರಾಟ, ಶಾಖ ಎಂದು ಮನೆಯಲ್ಲಿ ಕೂರದೆ 108ಕ್ಕೆ ಫೋನ್ ಮಾಡಿ ಹೊರಡಬೇಕು:

- ಮುಟ್ಟಿನಂತೆ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋಗುವುದು.
- ನೀರು ಹೋಗುವುದು, ಅದರಲ್ಲೂ ಹಸಿರು ಬಣ್ಣದ ಅಥವಾ ವಾಸನೆಯ ನೀರು.
- ಮಗುವಿನ ಆಟ ಕಡಿಮೆಯಾಗುವುದು, ನಿಲ್ಲುವುದು.
- ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದುವುದು, ಫಿಟ್ಸ್.
- ಜ್ವರ, ಚಳಿ.
- ನಡುವೆ ಬಿಡುವೇ ಇಲ್ಲದ, ಹೊಟ್ಟೆ ಕಲ್ಲಿನಂತಾಗುವ ನೋವು.
- 37 ವಾರ ತುಂಬುವ ಮೊದಲೇ ಲೆಕ್ಕಕ್ಕೆ ಬೀಳುವ ನೋವು.

ಹಿಂದೆ ಸಿಸೇರಿಯನ್ ಆದವರು, ಅವಳಿ ಮಕ್ಕಳಿರುವವರು, ಮಗು ಅಡ್ಡವಾಗಿ ಅಥವಾ ಕಾಲು ಮುಂದಾಗಿ ಇರುವವರು, ಬಿ.ಪಿ., ಸಕ್ಕರೆ ಕಾಯಿಲೆ, ತೀವ್ರ ರಕ್ತಹೀನತೆ ಇರುವವರು ಸಣ್ಣ ನೋವಿಗೂ ಕಾಯದೆ ಆಸ್ಪತ್ರೆ ಸೇರಬೇಕು. ತೊಂದರೆಯಿಲ್ಲದವರು ಕೂಡ ಊರು ದೂರವಿದ್ದರೆ, ಘಟ್ಟದ ದಾರಿಯಿದ್ದರೆ ನೋವು ಲೆಕ್ಕಕ್ಕೆ ಬಿದ್ದ ಕೂಡಲೇ ಹೊರಡುವುದು ಒಳ್ಳೆಯದು. ಮನೆಯಲ್ಲಿ ಮಾಡುವ ಅಭ್ಯಾಸವನ್ನು ಆಸ್ಪತ್ರೆಯ ವರಾಂಡದಲ್ಲೂ ಮಾಡಬಹುದು.

ಔಷಧ ಕೇಳುವುದು ಸೋಲಲ್ಲ

ಸಹಜ ಉಪಾಯಗಳು ನೋವನ್ನು ಪೂರ್ತಿ ತೆಗೆಯುವುದಿಲ್ಲ. ತಡೆದುಕೊಳ್ಳುವ ಶಕ್ತಿ ಕೊಡುತ್ತವೆ. ಒಬ್ಬೊಬ್ಬರ ನೋವು ಒಂದೊಂದು ಬಗೆ. ಅಕ್ಕನಿಗೆ ಎರಡು ಗಂಟೆಯಲ್ಲಿ ಆಯಿತೆಂದು ತಂಗಿಗೂ ಹಾಗೇ ಆಗಬೇಕೆಂದಿಲ್ಲ. ತಡೆಯಲಾಗದಿದ್ದರೆ ನೋವು ತಗ್ಗಿಸುವ ಇಂಜೆಕ್ಷನ್ ಇದೆ. ಅರಿವಳಿಕೆ ವೈದ್ಯರಿರುವ ದೊಡ್ಡ ಆಸ್ಪತ್ರೆಗಳಲ್ಲಿ ಬೆನ್ನಿನ ಮೂಲಕ ಕೊಡುವ ಎಪಿಡ್ಯೂರಲ್ ಇದೆ. ವಿಶ್ವ ಆರೋಗ್ಯ ಸಂಸ್ಥೆ ಉಸಿರಾಟ, ಮಾಲೀಸಿನ ಜೊತೆಗೆ ಇವನ್ನೂ ಕೇಳಿದವರಿಗೆ ಕೊಡಬೇಕು ಎಂದೇ ಹೇಳುತ್ತದೆ. ಔಷಧ ಪಡೆದವಳು, ಸಿಸೇರಿಯನ್ ಆದವಳು ಕಡಿಮೆ ತಾಯಿಯಲ್ಲ. 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಎಂಬ ಮಾತು ಬಾಣಂತಿಯ ಕಿವಿಗೆ ಬೀಳದಿದ್ದರೆ ಮನೆಗೆ ಕ್ಷೇಮ.

ಮನೆಯವರು ಮಾಡಬೇಕಾದ್ದು ಇಷ್ಟು. ಏಳನೇ ತಿಂಗಳಿನಿಂದ ಉಸಿರಾಟದ ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ ಬಿಡುವು ಮಾಡಿಕೊಡಿ. ಸಂಜೆ ಸ್ವಲ್ಪ ನಡೆಯಲು ಜೊತೆ ಹೋಗಿ. ಎಂಟನೇ ತಿಂಗಳಲ್ಲಿ ಜೊತೆಗಾರರು ಯಾರೆಂದು ಅವಳನ್ನೇ ಕೇಳಿ ಗೊತ್ತುಮಾಡಿ. ಅವಳು ತಾಯಿ ಎನ್ನಬಹುದು, ಅತ್ತೆ ಎನ್ನಬಹುದು, ಓರಗಿತ್ತಿ ಎನ್ನಬಹುದು. ಗೊತ್ತಾದವರು ಸೊಂಟ ಒತ್ತುವುದನ್ನು, ಅಲೆಯ ಹೊತ್ತು ಎಣಿಸುವುದನ್ನು ಕಲಿತುಕೊಳ್ಳಲಿ. ಆಸ್ಪತ್ರೆಗೆ ಹೋಗಿ ಅವರಿಗೆ ಒಳಗೆ ಬರಲು ಅವಕಾಶ ಇದೆಯೇ ಎಂದು ಕೇಳಿ ಬನ್ನಿ. ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.